ಹಿಮ್ಮಡಿಯಿಂದ ಶುರುವಾದ ನನ್ನ ಗ್ರೀಕ್ ಪುರಾಣ

ನಾನು ಉಡುಪಿ ಹತ್ರ ಒಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ನಡೆಸ್ತೇನೆ. ದಿನಕ್ಕೆ ನಾಲ್ಕೈದು ಸಲ ಆದ್ರೂ 'ಅಕಿಲಿಸ್ ಟೆಂಡನ್' (ಮೀನಖಂಡವನ್ನ ಹಿಮ್ಮಡಿಗೆ ಕಟ್ಟುವ ಹಗ್ಗದಂಥ ಪಟ್ಟಿ) ಅನ್ನೋ ಶಬ್ದ ಬಾಯಲ್ಲಿ ಬರ್ತದೆ, ಹದಿನೈದು ವರ್ಷದಿಂದ ಹೇಳ್ತಾ ಇದ್ದೇನೆ, ಆದ್ರೆ ಈ ಅಕಿಲಿಸ್ ಯಾರಪ್ಪ ಅಂತ ಒಂದು ದಿನವೂ ತಲೆ ಕೆಡಿಸ್ಕೊಂಡಿರ್ಲಿಲ್ಲ. ಕೇಳಿದ್ದು ಒಬ್ರು ಪೇಷಂಟ್. ರಿಟೈರ್ಡ್ ಮಾಸ್ಟ್ರು, ತಾಳಮದ್ದಳೆಯಲ್ಲಿ ಅರ್ಥ ಹೇಳುವವರು, ಹಿಮ್ಮಡಿ ನೋವು ಅಂತ ಬಂದಿದ್ರು. ಫೈಲಲ್ಲಿ ನಾನು ಬರೆದದ್ದನ್ನ ಓದಿ "ಇದು ಯಾರ ಹೆಸರು ಡಾಕ್ಟ್ರೇ?" ಅಂದ್ರು. ಕಾಲೇಜಲ್ಲಿ ಕೇಳಿದ್ದನ್ನೇ ಒಪ್ಪಿಸಿದೆ, ಹಳೇ ಗ್ರೀಕ್ ಕವಿ ಹೋಮರನ ಇಲಿಯಡ್‌ನಲ್ಲಿ ಬರೋ ವೀರ, ಗಾಯವೇ ಆಗ್ಬಾರ್ದು ಅಂತ ಅಮ್ಮ ಮಗುವನ್ನ ಪಾತಾಳದ ಸ್ಟಿಕ್ಸ್ ನದಿಯಲ್ಲಿ ಮುಳುಗಿಸಿದ್ಳು, ಹಿಡ್ಕೊಂಡಿದ್ದ ಹಿಮ್ಮಡಿ ಮಾತ್ರ ಒದ್ದೆ ಆಗ್ಲಿಲ್ಲ, ಅಲ್ಲಿಗೇ ಬಾಣ ಬಿದ್ದು ಸತ್ತ ಅಂತ. ಮಾಸ್ಟ್ರು ಖುಷಿಯಾದ್ರು. "ಪ್ರಸಂಗ ಒಳ್ಳೇದುಂಟು. ಯಾವ ಅಧ್ಯಾಯದಲ್ಲಿ ಬರ್ತದೆ?"

ಮುಂದಿನ ಸಲ ಬರುವಾಗ ಹೇಳ್ತೇನೆ ಅಂದೆ. ಅಲ್ಲಿಂದ ಶುರುವಾದದ್ದು.

ಆ ರಾತ್ರಿ ಇಲಿಯಡ್‌ನ ಹಳೇ ಇಂಗ್ಲಿಷ್ ಅನುವಾದ ಒಂದನ್ನ ನೆಟ್ಟಲ್ಲಿ ಫ್ರೀಯಾಗಿ ತೆಗೆದು ಹಿಮ್ಮಡಿ ಹುಡುಕಿದೆ. 24 ಭಾಗ ಉಂಟು, ಎಲ್ಲೂ ಆ ನದಿ ಕಥೆ ಇಲ್ಲ! ಅಕಿಲಿಸ್ ಸಾಯುವುದೂ ಇಲ್ಲ, ಅವನ ಕೈಯಲ್ಲಿ ಸತ್ತ ಟ್ರಾಯ್ ರಾಜಕುಮಾರ ಹೆಕ್ಟರನ ಅಂತ್ಯಕ್ರಿಯೆಗೆ ಕಾವ್ಯ ಮುಗೀತದೆ. ಅದಕ್ಕಿಂತ ಮಜಾ, 21ನೇ ಭಾಗದಲ್ಲಿ ಒಬ್ಬ ಎಸೆದ ಈಟಿ ಅಕಿಲಿಸ್‌ನ ಮುಂಗೈ ಸವರಿ ರಕ್ತ ಬರ್ತದೆ, ಅಂದ್ರೆ ಹೋಮರನ ಪ್ರಕಾರ ಅವನು ನಮ್ಮ ನಿಮ್ಮ ಹಾಗೆ ಗಾಯ ಆಗುವ ಮನುಷ್ಯನೇ. ನದಿಯಲ್ಲಿ ಮುಳುಗಿಸಿದ ಕಥೆ ಸಿಗುವುದು ಎಷ್ಟೋ ಶತಮಾನ ಕಳೆದು, ಕ್ರಿ.ಶ. 1ನೇ ಶತಮಾನದ ರೋಮನ್ ಕವಿ ಸ್ಟೇಷಿಯಸ್ ಹತ್ರ. ನಡುವೆ ಇನ್ನೊಬ್ಬ ಕವಿಯಲ್ಲಿ ಅಮ್ಮ ರಾತ್ರಿ ಹೊತ್ತು ಮಗುವನ್ನ ಬೆಂಕಿಯಲ್ಲಿ ಇಟ್ಟು ಅಮರ ಮಾಡ್ಲಿಕ್ಕೆ ನೋಡ್ತಾಳೆ, ಅಪ್ಪ ನೋಡಿ ಕೂಗಿ ಕೆಲಸ ಕೆಡಿಸ್ತಾನೆ. ಇನ್ನು ನಮ್ಮ ಅನಾಟಮಿಯಲ್ಲಿ ಆ ಹೆಸರು ಬೇರೂರಿದ್ದು ಫಿಲಿಪ್ ವೆರ್‌ಹೇಯೆನ್ ಅನ್ನೋ ಫ್ಲೆಮಿಶ್ ವೈದ್ಯ 1693ರಲ್ಲಿ ಬರೆದ ಪುಸ್ತಕದಿಂದ.

ಮಾಸ್ಟ್ರಿಗೆ ಇದನ್ನ ಸ್ವಲ್ಪ ನಾಚಿಕೆಯಿಂದಲೇ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗ್ಲಿಲ್ಲ. "ಹೌದು ಮತ್ತೆ, ವ್ಯಾಸರಲ್ಲಿ ಇಲ್ಲದ್ದು ಕುಮಾರವ್ಯಾಸನಲ್ಲಿ ಉಂಟು, ಅವನಲ್ಲಿ ಇಲ್ಲದ್ದು ಪ್ರಸಂಗದಲ್ಲಿ ಉಂಟು, ಅವರಿಗೂ ಹಾಗೇ ಇರ್ಬೇಕಲ್ಲ" ಅಂದ್ರು. ಈ ಒಂದು ಮಾತು ನನಗೆ ಎಷ್ಟು ಉಪಯೋಗ ಆಯ್ತು ಅಂದ್ರೆ, ಅದಕ್ಕೆ ಮೊದ್ಲು ಎರಡು ವಾರ ನಾನು ಗ್ರೀಕ್ ದೇವರುಗಳ ವಂಶವೃಕ್ಷ ಎ3 ಶೀಟಲ್ಲಿ ಬರೀಲಿಕ್ಕೆ ಹೋಗಿ ಒದ್ದಾಡ್ತಾ ಇದ್ದೆ. ಪ್ರೇಮದೇವತೆ ಅಫ್ರೋಡೈಟಿ ಹೋಮರನಲ್ಲಿ ದೇವರಾಜ ಸ್ಯೂಸ್‌ನ ಮಗಳು, ಇನ್ನೊಬ್ಬ ಹಳೇ ಗ್ರೀಕ್ ಕವಿ ಹೆಸಿಯಡ್‌ನಲ್ಲಿ ಸಮುದ್ರದ ನೊರೆಯಿಂದ ಹುಟ್ಟಿದವಳು, ಯಾವುದು ಸರಿ, ಯಾವ ಗೆರೆ ಎಳೀಬೇಕು? ಯಾವುದೂ ತಪ್ಪಲ್ಲ. ಯಾರು, ಯಾವಾಗ ಹೇಳಿದ್ದು ಅಂತ ಮಾತ್ರ ಕೇಳ್ಬೇಕು. ಶೀಟ್ ಹರಿದು ಬಿಸಾಡಿದೆ.

ಆಮೇಲೆ ನಾನು ಮಾಡಿದ್ದು ಇಷ್ಟೇ. ವಾರಕ್ಕೆ ಒಂದು ಶಬ್ದ. ಅದು ನನ್ನ ಕಣ್ಣಿಗೆ ಅಥವಾ ಕಿವಿಗೆ ಆ ವಾರ ಬಿದ್ದದ್ದೇ ಆಗ್ಬೇಕು, ಕ್ಲಿನಿಕ್ಕಲ್ಲೋ ಅಡುಗೆಮನೆಯಲ್ಲೋ ರಸ್ತೆಯಲ್ಲೋ. ನೋಟ್‌ಬುಕ್ಕಲ್ಲಿ ಎಡಕ್ಕೆ ಶಬ್ದ, ನಡುವೆ ಅತ್ಯಂತ ಹಳೇ ಕವಿ ಎಂತ ಹೇಳಿದ್ದಾನೆ, ಬಲಕ್ಕೆ ನಮ್ಮ ತನಕ ಅದು ಯಾವ ದಾರಿಯಲ್ಲಿ ಬಂತು. ಬಲಗಡೆಯದ್ದೇ ಜಾಸ್ತಿ ಕಷ್ಟ ಮತ್ತು ಜಾಸ್ತಿ ಖುಷಿ. ಯೂಟ್ಯೂಬ್ ವಿಡಿಯೋ ಮೊದ್ಲು ನೋಡ್ಬಾರ್ದು ಅನ್ನೋದು ನನಗೆ ನಾನೇ ಹಾಕ್ಕೊಂಡ ರೂಲ್, ನೋಡಿದ್ರೆ ಎಲ್ಲ ಕವಿಗಳನ್ನೂ ಕಲಸಿ ಒಂದೇ ಕಥೆ ಮಾಡಿ ಕೊಡ್ತಾರೆ, ಆಮೇಲೆ ಬಿಡಿಸ್ಲಿಕ್ಕೆ ಆಗೋದಿಲ್ಲ.

ಗ್ಯಾಸ್ ತಗೊಳ್ಳಿ. ಸಿಲಿಂಡರ್ ಬುಕ್ ಮಾಡ್ತಾ ಇದ್ದಾಗ ಹುಡುಕಿದ್ದು. 17ನೇ ಶತಮಾನದಲ್ಲಿ ಫಾನ್ ಹೆಲ್ಮಾಂಟ್ ಅನ್ನೋ ವಿಜ್ಞಾನಿ ಗ್ರೀಕಿನ 'ಖೇಯಾಸ್' ಶಬ್ದವನ್ನ ತನ್ನ ಡಚ್ ನಾಲಿಗೆಯಲ್ಲಿ ತಿರುಗಿಸಿ 'ಗ್ಯಾಸ್' ಅಂತ ಮಾಡಿದ. ಹೆಸಿಯಡ್ ಹೇಳುವ ಸೃಷ್ಟಿಕಥೆಯಲ್ಲಿ ಎಲ್ಲಕ್ಕಿಂತ ಮೊದ್ಲು ಇದ್ದದ್ದು ಆ ಖೇಯಾಸ್, ಬಾಯಿ ತೆರೆದ ಹಾಗಿನ ಒಂದು ಶೂನ್ಯ. ಮನೆಯವಳಿಗೆ ಹೇಳಿದೆ, "ಬುಕ್ ಆಯ್ತಾ ಇಲ್ವಾ ಅದು ಹೇಳಿ ಮೊದ್ಲು" ಅಂದ್ಳು.

ಆಂಬುಲೆನ್ಸ್ ಸೈರನ್ ಕೂಡ ಹಾಗೇ. ಹಾಡಿ ನಾವಿಕರನ್ನ ಸೆಳೆದು ಕೊಲ್ಲುವ ಸೈರನ್‌ಗಳು ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ಬರ್ತವೆ, ಹಳೇ ಗ್ರೀಕ್ ಮಡಕೆ ಚಿತ್ರಗಳಲ್ಲಿ ಅವು ಹೆಣ್ಣಿನ ತಲೆ ಇರೋ ಹಕ್ಕಿಗಳು, ಮೀನಿನ ಬಾಲ ಬಂದದ್ದು ತುಂಬಾ ಮತ್ತೆ. 1819ರಲ್ಲಿ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ ಒಂದು ಶಬ್ದ ಮಾಡುವ ಯಂತ್ರ ಮಾಡಿದ, ಅದು ನೀರೊಳಗೂ ಕೂಗ್ತಿತ್ತು, ಅದಕ್ಕೆ ಸೈರನ್ ಅಂತ ಹೆಸರಿಟ್ಟ. ಹತ್ತಿರ ಬನ್ನಿ ಅಂತ ಕರೀತಿದ್ದ ದನಿ ಈಗ ದಾರಿ ಬಿಡಿ ಅಂತ ಕೂಗ್ತದೆ. ಮೊಬೈಲ್ ಒಳಗೂ ಒಬ್ಬ ಪಾಪಿ ಇದ್ದಾನೆ, ಟ್ಯಾಂಟಲಸ್. ಪಾತಾಳದಲ್ಲಿ ಗಲ್ಲದ ತನಕ ನೀರಲ್ಲಿ ನಿಂತಿರ್ತಾನೆ, ಕುಡೀಲಿಕ್ಕೆ ಬಗ್ಗಿದ್ರೆ ನೀರು ಇಂಗಿ ಹೋಗ್ತದೆ. 1802ರಲ್ಲಿ ಸ್ವೀಡನ್ನಿನ ಎಕೆಬೆರಿ ಒಂದು ಹೊಸ ಲೋಹ ಕಂಡುಹಿಡಿದು, ಆಸಿಡ್‌ನಲ್ಲಿ ಮುಳುಗಿಸಿದ್ರೂ ಆಸಿಡ್ ಹಿಡಿಯೋದಿಲ್ಲ ಅಂತ ಅದಕ್ಕೆ ಟ್ಯಾಂಟಲಮ್ ಅಂತ ಇಟ್ಟ. ಫೋನುಗಳ ಕೆಪಾಸಿಟರ್‌ಗಳಲ್ಲಿ ಅದನ್ನ ಬಳಸ್ತಾರೆ. ತೆರೆದ್ರೆ ಲೋಕದ ಕಷ್ಟಗಳೆಲ್ಲ ಹೊರಗೆ ಬರುವ ಪಂಡೋರಾ ಪೆಟ್ಟಿಗೆ ವಿಷಯ ಉದ್ದ ಮಾಡೋದಿಲ್ಲ, ಅದು ಪೆಟ್ಟಿಗೆಯೇ ಅಲ್ಲ, ಹೆಸಿಯಡ್‌ನಲ್ಲಿ ಧಾನ್ಯ ಎಣ್ಣೆ ತುಂಬಿಸಿಡುವ ದೊಡ್ಡ ಗುಡಾಣ, 16ನೇ ಶತಮಾನದಲ್ಲಿ ಎರಾಸ್ಮಸ್ ಅನ್ನೋ ಡಚ್ ವಿದ್ವಾಂಸ ಲ್ಯಾಟಿನ್‌ಗೆ ತರುವಾಗ ಪೆಟ್ಟಿಗೆ ಆಗಿಹೋಯ್ತು.

ನನ್ನ ಮರ್ಯಾದೆ ಹೋದದ್ದು ಬೋರ್ಡ್ ವಿಷಯದಲ್ಲಿ. ಕ್ಲಿನಿಕ್ ಬೋರ್ಡಲ್ಲಿ ಎರಡು ಹಾವು ಸುತ್ತಿಕೊಂಡ, ರೆಕ್ಕೆ ಇರೋ ಕೋಲು ಹಾಕಿಸಿದ್ದೆ, ಡಾಕ್ಟರ್ ಕಾರಿನ ಸ್ಟಿಕರ್‌ನಲ್ಲಿ ಇರ್ತದಲ್ಲ, ಅದೇ. ಓದಿ ನೋಡಿದ್ರೆ ಅದು ಹರ್ಮೀಸ್‌ನ ಕೋಲು. ಹರ್ಮೀಸ್ ದೇವತೆಗಳ ದೂತ, ವ್ಯಾಪಾರಿಗಳಿಗೂ ಕಳ್ಳರಿಗೂ ದೇವರು, ಅದು ಬಿಡಿ, ಸತ್ತವರ ಆತ್ಮವನ್ನ ಪಾತಾಳಕ್ಕೆ ಕರ್ಕೊಂಡು ಹೋಗುವ ಕೆಲಸವೂ ಅವನದ್ದೇ! ವೈದ್ಯದ ದೇವರು ಅಸ್ಕ್ಲೀಪಿಯಸ್, ಅಪೋಲೋನ ಮಗ, ಅವನ ಕೋಲಿಗೆ ಒಂದೇ ಹಾವು, ರೆಕ್ಕೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲಾಂಛನದಲ್ಲಿ ಇರೋದು ಅದು. 1902ರಲ್ಲಿ ಅಮೆರಿಕದ ಸೈನ್ಯದ ವೈದ್ಯಕೀಯ ವಿಭಾಗ ಹರ್ಮೀಸ್ ಕೋಲನ್ನ ಚಿಹ್ನೆ ಮಾಡ್ಕೊಂಡ ಮೇಲೆ ಈ ಗೊಂದಲ ಜೋರಾಗಿ ಹರಡಿತು. ಅಸ್ಕ್ಲೀಪಿಯಸ್‌ನ ಎಪಿಡಾರಸ್ ದೇವಸ್ಥಾನದಲ್ಲಿ ರೋಗಿಗಳು ರಾತ್ರಿ ಮಲಗ್ತಿದ್ರು, ಕನಸಲ್ಲಿ ದೇವರು ಬಂದು ಗುಣ ಮಾಡ್ತಾನೆ ಅಂತ, ಗುಣ ಆದ ಕಥೆಗಳನ್ನ ಕಲ್ಲಲ್ಲಿ ಕೆತ್ತಿಸಿ ಇಡ್ತಿದ್ರು. ಈಗಿನ ಗೂಗಲ್ ರಿವ್ಯೂ ಇದ್ದ ಹಾಗೆ ಅನ್ನಿ. ನಾನು ಬೋರ್ಡ್ ತೆಗೆಸಿ ಹೊಸತು ಮಾಡಿಸಿದೆ, ಆರ್ಟಿಸ್ಟ್ "ಒಂದು ಹಾವು ಕಮ್ಮಿ ಆದ್ರೆ ರೇಟ್ ಕಮ್ಮಿ ಆಗೋದಿಲ್ಲ ಸರ್" ಅಂದ.

ನಮ್ಮೂರಿಗೂ ಇದಕ್ಕೂ ಎಂತ ಸಂಬಂಧ ಅಂತ ಮಾಸ್ಟ್ರು ಕೆಣಕ್ತಾ ಇದ್ರು. ಪಂಚಾಂಗ ತರಿಸಿ ತೋರ್ಸಿದೆ. ಶುಕ್ರ ಹೋರೆ, ಗುರು ಹೋರೆ ಅಂತ ಬರೀತಾರಲ್ಲ, ಆ ಹೋರೆ ಗ್ರೀಕಿನ 'ಹೋರಾ', ಇಂಗ್ಲಿಷಿನ ಅವರ್ ಕೂಡ ಅದೇ ಬೇರು. ಗ್ರೀಕರಲ್ಲಿ ಹೋರೈ ಅಂದ್ರೆ ಋತುಗಳ ದೇವಿಯರು, ಸ್ಯೂಸ್ ಮತ್ತು ಥೆಮಿಸ್‌ನ ಹೆಣ್ಣುಮಕ್ಕಳು. ಯವನರ ಜ್ಯೋತಿಷ್ಯದ ಜೊತೆ ಆ ಶಬ್ದ ಇಲ್ಲಿಗೆ ಬಂದದ್ದು, ವರಾಹಮಿಹಿರ ರಾಶಿಗಳಿಗೆ ಕೊಟ್ಟಿರೋ ಕ್ರಿಯ, ಲೇಯ, ಜೂಕ ಅನ್ನೋ ಹೆಸರುಗಳೂ ಗ್ರೀಕಿನವೇ. ಕಥೆಗಳು ಮಾತ್ರ ದಾರಿಯಲ್ಲಿ ಉದುರಿಹೋಗಿ ಬರೀ ಲೆಕ್ಕ ಬಂದು ಸೇರಿದೆ ಅಂತ ನನಗೆ ಕಾಣ್ತದೆ.

ಇನ್ನೊಂದು ಉಂಟು, ಮಲ್ಪೆ ಕಡೆಯವರಿಗೆ ಗೊತ್ತಿರಬಹುದು. ಈಜಿಪ್ಟಿನ ಆಕ್ಸಿರಿಂಕಸ್ ಅನ್ನೋ ಊರಿನ ಕಸದ ದಿಬ್ಬದಲ್ಲಿ ಸಿಕ್ಕಿದ ಪಪೈರಸ್‌ನಲ್ಲಿ ಒಂದು ಗ್ರೀಕ್ ಪ್ರಹಸನ, 1903ರಲ್ಲಿ ಅಚ್ಚಾಯ್ತು. ಖರಿಟಿಯಾನ್ ಅನ್ನೋ ಗ್ರೀಕ್ ಹುಡುಗಿ ಭಾರತದ ಕರಾವಳಿಯ ಒಂದು ದೇವಸ್ಥಾನದಲ್ಲಿ ಸಿಕ್ಕಿಬಿದ್ದಿರ್ತಾಳೆ, ಅಣ್ಣ ಬಂದು ರಾಜನಿಗೂ ಅವನ ಕಡೆಯವರಿಗೂ ನೀರು ಬೆರೆಸದ ವೈನ್ ಕುಡಿಸಿ ಹಡಗಲ್ಲಿ ಕರ್ಕೊಂಡು ಹೋಗ್ತಾನೆ. ಯೂರಿಪಿಡೀಸ್ ನಾಟಕ ಮಾಡಿದ ಇಫಿಜಿನಿಯಾ ಕಥೆಯ ಅಣಕ ಅದು. ಅದರಲ್ಲಿ ಊರವರು ಆಡುವ ಮಾತು ಗ್ರೀಕ್ ಅಲ್ಲ, ಕನ್ನಡ ಅಂತ ಮೊದ್ಲು ಹೇಳಿದ್ದು ಜರ್ಮನ್ ವಿದ್ವಾಂಸ ಹುಲ್ಟ್ಷ್, ಶಾಮಶಾಸ್ತ್ರಿಗಳೂ ಅದನ್ನ ಎತ್ತಿ ಹಿಡಿದ್ರು, ತುಳು ಅಂದವರೂ ಇದ್ದಾರೆ, ಎರಡೂ ಅಲ್ಲ ಅನ್ನುವವರೂ ಇದ್ದಾರೆ. ನನಗಂತೂ ಓದಿದಷ್ಟಕ್ಕೆ ಪೂರ್ತಿ ನಂಬಿಕೆ ಬರ್ಲಿಲ್ಲ, ಆದ್ರೂ ಓದುವಾಗ ಮೈ ಜುಂ ಅಂದದ್ದು ಸುಳ್ಳಲ್ಲ.

ಎರಡು ವರ್ಷದಲ್ಲಿ ಮೂರು ನೋಟ್‌ಬುಕ್ ತುಂಬಿದೆ. ಗ್ರೀಕ್ ಭಾಷೆ ನಾನು ಕಲೀಲಿಲ್ಲ, ಅಕ್ಷರ ಮಾತ್ರ ಕಲ್ತೆ, ಅದಕ್ಕೆ ಒಂದು ವಾರ ಸಾಕಾಯ್ತು.

ಮಾಸ್ಟ್ರ ಹಿಮ್ಮಡಿ ಯಾವತ್ತೋ ಸರಿಯಾಗಿತ್ತು, ಮೊನ್ನೆ ಇನ್ನೊಂದು ಕಾಲಿನದ್ದು ಅಂತ ಬಂದ್ರು. ಅವರಿಗೆ ಇಲಿಯಡ್‌ನ ಕೊನೇ ಭಾಗ ಹೇಳಿದ್ದೆ, ಹೆಕ್ಟರನ ಅಪ್ಪ, ಮುದುಕ ರಾಜ ಪ್ರಯಾಮ್ ರಾತ್ರಿ ಶತ್ರುವಿನ ಬಿಡಾರಕ್ಕೆ ಹೋಗಿ, ತನ್ನ ಮಕ್ಕಳನ್ನ ಕೊಂದ ಅಕಿಲಿಸ್‌ನ ಕೈಗೆ ಮುತ್ತಿಟ್ಟು ಮಗನ ಹೆಣ ಕೊಡು ಅಂತ ಬೇಡುವುದು. ಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿ ಎಳೀತಾ ಇರುವಾಗಲೇ ಶುರು ಮಾಡಿದ್ರು, "ಅಯ್ಯಾ ಅಕಿಲೀಸಾ, ನಿನಗೂ ಊರಲ್ಲಿ ಒಬ್ಬ ಅಪ್ಪ ಇದ್ದಾನೆ, ಬಾಗಿಲು ನೋಡ್ತಾ ಕೂತಿದ್ದಾನೆ, ಅವನ ಬಾಗಿಲಿಗೆ ಇನ್ನೂ ಒಂದು ಆಸೆ ಉಂಟು, ನನ್ನ ಬಾಗಿಲಿಗೆ ಇಲ್ಲ..." ಪಕ್ಕದ ಬೆಡ್ಡಲ್ಲಿ ಸೊಂಟಕ್ಕೆ ಹೀಟ್ ಹಾಕಿಸ್ಕೊಳ್ತಿದ್ದ ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡ್ರು. ನಾನು ಹದಿನೈದು ಎಣಿಸ್ಬೇಕಿತ್ತು, ಎಲ್ಲಿಗೆ ಬಿಟ್ಟೆ ಅಂತಲೇ ಮರ್ತುಹೋಗಿ ಪುನಃ ಒಂದರಿಂದ ಮಾಡಿಸಿದೆ.