ಪಿಡಿಎಫ್ ತೆರೆಯಬೇಕೋ ಇಳಿಯಬೇಕೋ: ನಾನು ಸರಿಪಡಿಸಿದ ರೀತಿ

ಶಾಲಾ ಪಾಠಗಳ ಪಿಡಿಎಫ್ ಇರುವ ಒಂದು ಸೈಟನ್ನು ನಾನು ನೋಡಿಕೊಳ್ಳುತ್ತೇನೆ. ಫೈಲುಗಳನ್ನು ಹೊಸ ಕ್ಲೌಡ್ ಸ್ಟೋರೇಜ್‌ಗೆ ಸಾಗಿಸಿದ ಮೇಲೆ ಶಿಕ್ಷಕರದು ಒಂದೇ ದೂರು: "ಸರ್, ಲಿಂಕ್ ಒತ್ತಿದ್ರೆ ಪಾಠ ತೆರೆಯಲ್ಲ, ಸುಮ್ನೆ ಡೌನ್‌ಲೋಡ್ ಆಗುತ್ತೆ." ಫೈಲ್ ಅದೇ. ಹೆಸರಿನ ಕೊನೆಯ ಡಾಟ್ ಪಿಡಿಎಫ್ ಕೂಡ ಹಾಗೇ ಇತ್ತು.

ಇಂಥ ಕಡೆ ಹೆಸರು ನೋಡಿ ಪ್ರಯೋಜನವಿಲ್ಲ. ಬ್ರೌಸರ್ ಮುಖ್ಯವಾಗಿ ನಂಬುವುದು ಸರ್ವರ್ ಕಳಿಸುವ ಹೆಡರ್‌ಗಳನ್ನು, ಅಂದರೆ ಫೈಲಿನ ಜೊತೆ ಬರುವ ಮಾಹಿತಿಯ ಸಾಲುಗಳನ್ನು. ಟರ್ಮಿನಲ್‌ನಲ್ಲಿ, ವೆಬ್ ವಿಳಾಸದಿಂದ ಮಾಹಿತಿ ತರಿಸುವ ಕರ್ಲ್ ಎಂಬ ಕಮಾಂಡ್‌ಗೆ ದೊಡ್ಡ 'ಐ' ಆಯ್ಕೆ ಕೊಟ್ಟರೆ ಹೆಡರ್ ಮಾತ್ರ ಬರುತ್ತದೆ. ನೋಡಿದೆ. ಫೈಲಿನ ಬಗೆ ಹೇಳುವ ಕಂಟೆಂಟ್-ಟೈಪ್ ಎದುರು ಅಪ್ಲಿಕೇಶನ್/ಪಿಡಿಎಫ್ ಬದಲು ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್ ಇತ್ತು. ಅಂದರೆ 'ಇವು ಬರೀ ಬೈಟ್‌ಗಳು' ಅಂತ. ಹಾಗಂದ ಮೇಲೆ ಬ್ರೌಸರ್ ಇನ್ನೇನು ತೋರಿಸೀತು? ಡಿಸ್ಕಿಗೆ ಇಳಿಸುತ್ತದೆ. ಟೈಪ್ ತಿದ್ದಿ, ಹಳೆಯ ಪ್ರತಿ ಕೂಡಿಟ್ಟಿದ್ದ ಕ್ಯಾಶ್ ಖಾಲಿ ಮಾಡಿದ್ದೇ ತಡ, ಪಾಠ ತೆರೆಯಿತು.

ಆದರೆ ನೆಟ್ ಸರಿಯಿಲ್ಲದ ಕಡೆ ಇಳಿಸಿಕೊಳ್ಳುವ ಲಿಂಕೂ ಬೇಕು, ಅಲ್ವಾ? ಪುಟದ ಎಚ್‌ಟಿಎಂಎಲ್ ಕೋಡ್‌ನಲ್ಲಿ ಲಿಂಕಿಗೆ 'ಡೌನ್‌ಲೋಡ್' ಎಂಬ ಸೂಚನೆ (ಆಟ್ರಿಬ್ಯೂಟ್) ಸೇರಿಸುವುದು ಸುಲಭ. ಆದರೆ ಫೈಲ್ ಬೇರೆ ಡೊಮೇನ್‌ನಲ್ಲಿದ್ದರೆ ಈಗಿನ ಬ್ರೌಸರ್‌ಗಳು ಅದಕ್ಕೆ ಕಿವಿಗೊಡುವುದಿಲ್ಲ. ಹಾಗಾಗಿ ಆ ಲಿಂಕ್‌ಗೆ ಕಂಟೆಂಟ್-ಡಿಸ್ಪೊಸಿಷನ್ ಹೆಡರ್‌ನಲ್ಲಿ 'ಅಟ್ಯಾಚ್‌ಮೆಂಟ್' ಅಂತ ಕಳಿಸಿದೆ. 'ಇನ್‌ಲೈನ್' ಅಂದರೆ ತೋರಿಸು, 'ಅಟ್ಯಾಚ್‌ಮೆಂಟ್' ಅಂದರೆ ಉಳಿಸು.

ನನಗೆ ಜಾಸ್ತಿ ಖುಷಿ ಕೊಟ್ಟ ಭಾಗ ಕನ್ನಡದ ಹೆಸರು. ಇಳಿಸಿದ ಫೈಲ್ 'ಪಾಠ' ಅಂತಲೇ ಉಳಿಯಬೇಕು ಅನ್ನುವುದು ನನ್ನ ಹಟ. 2011ರ ಆರ್‌ಎಫ್‌ಸಿ 6266 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲಿ ಇದಕ್ಕೆ ದಾರಿಯಿದೆ: ಫೈಲ್‌ನೇಮ್ ಪದದ ಪಕ್ಕ ನಕ್ಷತ್ರ ಚಿಹ್ನೆ ಹಾಕಿ, ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಎಂದು ಬರೆದು, ಹೆಸರನ್ನು ಶೇಕಡಾ ಚಿಹ್ನೆಯ ಸಂಕೇತಗಳಲ್ಲಿ ಕೊಡುವುದು. 'ಪ', ದೀರ್ಘದ ಗುರುತು, 'ಠ' ಮೂರಕ್ಕೂ ತಲಾ 3 ಬೈಟ್, ಒಟ್ಟು 9 ಸಂಕೇತ. ಹಳೆಯ ಸಾಫ್ಟ್‌ವೇರ್‌ಗೆಂದು ಇಂಗ್ಲಿಷ್ ಅಕ್ಷರದ ಮಾಮೂಲಿ ಹೆಸರನ್ನೂ ಜೊತೆಗಿಟ್ಟೆ.

ಶಿಕ್ಷಕರೇ ಅಪ್‌ಲೋಡ್ ಮಾಡುವ ಎಚ್‌ಟಿಎಂಎಲ್, ಎಸ್‌ವಿಜಿ (ಒಂದು ಬಗೆಯ ಚಿತ್ರ) ಫೈಲುಗಳನ್ನು ಮಾತ್ರ ಯಾವತ್ತೂ ಇನ್‌ಲೈನ್ ಬಿಡುವುದಿಲ್ಲ. ಅವುಗಳೊಳಗಿನ ಸ್ಕ್ರಿಪ್ಟ್ ನಮ್ಮ ಡೊಮೇನ್‌ನ ಹೆಸರಲ್ಲೇ ಓಡಿಬಿಡಬಹುದು. ಬ್ರೌಸರ್ ತಾನೇ ಬೈಟ್ ನೋಡಿ ಟೈಪ್ ಊಹಿಸದಿರಲೆಂದು ನೋಸ್ನಿಫ್ ಹೆಡರನ್ನೂ ಹಾಕಿದೆ.

ಇಷ್ಟಾದರೂ ಒಬ್ಬ ಶಿಕ್ಷಕಿಗೆ ಪಿಡಿಎಫ್ ಇಳಿಯುತ್ತಲೇ ಇತ್ತು. ಹೆಡರ್ ಸರಿಯಿತ್ತು. ಅವರ ಕಂಪ್ಯೂಟರಿನ ಕ್ರೋಮ್ ಸೆಟ್ಟಿಂಗ್‌ನಲ್ಲೇ ಪಿಡಿಎಫ್ ಡೌನ್‌ಲೋಡ್ ಮಾಡುವ ಆಯ್ಕೆ ಆನ್ ಆಗಿತ್ತು. ಸೈಟ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಬದಲಿಸುವುದು ಹೇಗೆಂದು ಫೋನಿನಲ್ಲೇ ಹೇಳಿಕೊಟ್ಟೆ.