ಅವರದೇ ಲೆಕ್ಕದ ಹಾಳೆಯಿಂದ ವಿಭಾಗ ಉಳಿಸಿಕೊಂಡದ್ದು

ಇತಿಹಾಸ ವಿಭಾಗ ನಷ್ಟದಲ್ಲಿದೆ, ಮುಚ್ಚೋಣ ಎಂದು ಆಡಳಿತ ಮಂಡಳಿ ಹೊರಟಾಗ, ಲೆಕ್ಕದಿಂದಲೇ ಉಳಿಸಿಕೊಳ್ಳಬಹುದು ಎಂದಿದ್ದೆ. ಸಹೋದ್ಯೋಗಿಗಳು ನಕ್ಕರು. 'ಅವರ ಎಕ್ಸೆಲ್ ಮುಂದೆ ನಿಮ್ಮದೇನು ನಡೆಯುತ್ತೆ ಸಾರ್' ಎಂದವರೂ ಇದ್ದರು. ವಿಭಾಗ ಈಗಲೂ ಇದೆ. ನಕ್ಕವರಲ್ಲಿ ಕೆಲವರು ತಮ್ಮ ವಿಭಾಗದ ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಿದ್ದಾರೆ.

ಅದಕ್ಕೂ ಮೊದಲು ಕೈಕೊಟ್ಟ ಪ್ರಯತ್ನಗಳು ಬಹಳ. ಇತಿಹಾಸ ಓದದ ಸಮಾಜ ಏನಾಗುತ್ತದೆ ಎಂದು ಉದ್ದದ ಮನವಿ ಕೊಟ್ಟೆವು. ಹಳೆ ವಿದ್ಯಾರ್ಥಿಗಳಿಂದ ಪತ್ರ ಬರೆಸಿದೆವು. ಎಲ್ಲವೂ ಫೈಲ್ ಸೇರಿತು. ಆಮೇಲೆ ಕೋರ್ಸಿನ ಹೆಸರಿಗೆ 'ಡೇಟಾ', 'ಲೀಡರ್‌ಶಿಪ್' ಅಂಟಿಸಿದೆವು. ಸೀಟು ತುಂಬಿತು, ನಿಜ. ಎರಡನೇ ಸೆಮಿಸ್ಟರ್‌ಗೆ ಮೂರರಲ್ಲೊಂದು ಪಾಲು ಖಾಲಿ. ಜಾಹೀರಾತಿನ ಖರ್ಚು ಮಾತ್ರ ನಮ್ಮ ಲೆಕ್ಕಕ್ಕೇ ಬಿತ್ತು. ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸ್ ಇನ್ನೂ ದುಬಾರಿಯಾಯಿತು. ಬಂದ ಶುಲ್ಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಅತಿಥಿ ಉಪನ್ಯಾಸಕರ ಸಂಭಾವನೆಗೆ, ಉಳಿದದ್ದು ಆನ್‌ಲೈನ್ ವೇದಿಕೆಯ ಬಾಡಿಗೆಗೆ.

ಕೊನೆಗೆ ಮಂಡಳಿಯ ಲೆಕ್ಕದ ಹಾಳೆಯನ್ನೇ ಹಿಡಿದು ಕೂತೆ. ಅದು ಹೇಗೆ ಸಿಕ್ಕಿತು ಎಂದು ಕೇಳಬೇಡಿ. ನಮ್ಮ 'ನಷ್ಟ'ದಲ್ಲಿ ಅರ್ಧಕ್ಕಿಂತ ಜಾಸ್ತಿ ನಾವು ಮಾಡಿದ ಖರ್ಚೇ ಅಲ್ಲ! ಕಚೇರಿ, ಪ್ರಚಾರ, ಕಟ್ಟಡದ ಖರ್ಚನ್ನು ಎಲ್ಲರ ಮೇಲೂ ಹಂಚಿದ್ದರು. ಕಟ್ಟಡದ್ದು ಚದರಡಿ ಲೆಕ್ಕದಲ್ಲಿ. ನಮ್ಮ ಹೆಸರಲ್ಲಿದ್ದ ದೊಡ್ಡ ಹಾಲ್‌ನಲ್ಲಿ ಇಡೀ ಕಾಲೇಜಿನ ಪರೀಕ್ಷೆ ನಡೆಯುತ್ತದೆ. ಪರೀಕ್ಷೆಯ ವೇಳಾಪಟ್ಟಿ ಲಗತ್ತಿಸಿದೆ, ಹಾಲ್ ಸಾಮಾನ್ಯ ಖಾತೆಗೆ ಹೋಯಿತು.

ಇನ್ನು ಆದಾಯ. ಶುಲ್ಕವೆಲ್ಲ ವಿದ್ಯಾರ್ಥಿ ಸೇರಿದ ವಿಭಾಗಕ್ಕೆ. ಇಂಜಿನಿಯರಿಂಗ್, ಕಾಮರ್ಸ್ ಮಕ್ಕಳಿಗೆ ನಾವು ಕಲಿಸುವ ಪೇಪರ್‌ಗೆ ಸೊನ್ನೆ. ಪಾಠ ಮಾಡಿದವರಿಗೆ ಕ್ರೆಡಿಟ್ (ಕೋರ್ಸಿನಲ್ಲಿ ಆ ಪೇಪರಿಗಿರುವ ತೂಕ) ಲೆಕ್ಕದಲ್ಲಿ ಪಾಲು ಕೊಡಿ ಎಂದೆ. ಘಟಕಗಳು ತಮ್ಮ ಆದಾಯ, ಖರ್ಚು ತಾವೇ ನೋಡಿಕೊಳ್ಳುವ ಬಜೆಟ್ ಪದ್ಧತಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲೇ ಬಂದಿತ್ತು. ಆ ಹೆಸರು ಮಂಡಳಿಗೆ ಹಿಡಿಸಿತು, ಪಾಲಿಗೆ ಒಪ್ಪಿದರು. ಈ ಪದ್ಧತಿಯ ಕೆಟ್ಟ ಗುಣವೂ ಬೇಗ ಗೊತ್ತಾಯಿತು. ಪಾಲು ಕೈತಪ್ಪುತ್ತದೆ ಎಂದು ಇಂಜಿನಿಯರಿಂಗ್‌ನವರು ನಾವು ಕಲಿಸುತ್ತಿದ್ದ ಬರವಣಿಗೆ ಪೇಪರನ್ನು ತಾವೇ ಕಲಿಸಲು ಹೊರಟರು. ಅದನ್ನು ಪಠ್ಯಕ್ರಮ ಸಮಿತಿಯಲ್ಲಿ ಹೇಗೆ ನಿಲ್ಲಿಸಿದೆ ಎಂಬುದು ಇಲ್ಲಿ ಬೇಡ, ಅವರೂ ಇದನ್ನು ಓದುತ್ತಾರೆ.

ಆದರೆ ಮಂಡಳಿಯನ್ನು ಸುಮ್ಮನೆ ಕೂರಿಸಿದ್ದು ಒಂದೇ ಪ್ರಶ್ನೆ. ಮುಚ್ಚಿದರೆ ಉಳಿಯುವುದೆಷ್ಟು? ಕಾಯಂ ಅಧ್ಯಾಪಕರ ಸಂಬಳ ನಿಲ್ಲುವುದಿಲ್ಲ. ಕಟ್ಟಡ ಅಲ್ಲೇ ಇರುತ್ತದೆ. ಕಚೇರಿ ಖರ್ಚಿನ ನಮ್ಮ ಪಾಲು ಪಕ್ಕದವರ ತಲೆಗೆ ಬೀಳುತ್ತದೆ. ಉಳಿಯುವುದು ಅತಿಥಿ ಉಪನ್ಯಾಸಕರ ಹಣ, ಒಂದಿಷ್ಟು ಪ್ರಿಂಟಿಂಗ್. ಒಟ್ಟು ಖರ್ಚಿನ ಹತ್ತರಲ್ಲೊಂದು ಇರಬಹುದು. ಹೋಗುವುದು ಮಕ್ಕಳ ಇಡೀ ಶುಲ್ಕ. ಯಾವ ವಿಭಾಗಕ್ಕೆ ಎಷ್ಟು ಹೊರೆ ಏರುತ್ತದೆ ಎಂದು ಸಾಲು ಸಾಲಾಗಿ ಬರೆದು, ಸಭೆಗೆ ಮುಂಚೆಯೇ ಆಯಾ ಮುಖ್ಯಸ್ಥರಿಗೆ ತಲುಪಿಸಿದೆ. ಅಲ್ಲಿಯವರೆಗೆ ಸುಮ್ನಿದ್ದ ಅರ್ಥಶಾಸ್ತ್ರದವರೇ ಸಭೆಯಲ್ಲಿ ನಮಗಿಂತ ಜೋರಾಗಿ ಮಾತಾಡಿದರು!

ಮಧ್ಯೆ ಇನ್ನೊಂದು ಪ್ರಯೋಗ. ವಿದ್ಯಾರ್ಥಿಗಳನ್ನು ಗ್ರಾಹಕರೆಂದು ಕರೆದು ನಮಗೆ ಅಂಕ ಹಾಕಿಸುತ್ತಾರೆ, ಅಲ್ವಾ? ಫಾರ್ಮ್ ಇಮೇಲ್‌ನಲ್ಲಿ ಹೋದರೆ ಕಾಲು ಭಾಗ ತುಂಬುತ್ತಿದ್ದರು, ಅದೂ ಸಿಟ್ಟಿದ್ದವರೇ ಜಾಸ್ತಿ. ತರಗತಿಯಲ್ಲೇ ಹತ್ತು ನಿಮಿಷ ಕೊಟ್ಟೆ. ಶೇಕಡಾ 80ರ ಹತ್ತಿರ ಬಂತು, ಸರಾಸರಿಯೂ ಏರಿತು. ಪಾಠ ಮಾತ್ರ ಅದೇ ಹಳೆಯದು. ಇಂಗ್ಲೆಂಡಿನ ಸಂಘಟಿತ ವಿದ್ಯಾರ್ಥಿಗಳು ಇದನ್ನೇ ಉಲ್ಟಾ ಮಾಡಿದರು. 2017ರಲ್ಲಿ, ಕೊನೆಯ ವರ್ಷದ ವಿದ್ಯಾರ್ಥಿಗಳು ತಮ್ಮ ಕೋರ್ಸಿನ ಬಗ್ಗೆ ಅಭಿಪ್ರಾಯ ಹೇಳುವ ಅಲ್ಲಿನ ರಾಷ್ಟ್ರೀಯ ವಿದ್ಯಾರ್ಥಿ ಸಮೀಕ್ಷೆಯನ್ನು ಬಹಿಷ್ಕರಿಸಿದಾಗ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಕೂಡ ಬೇಕಾದ 50 ಪ್ರತಿಶತ ಉತ್ತರ ಸಿಗದೆ ಫಲಿತಾಂಶದಿಂದ ಹೊರಗುಳಿದವು.

ಈಗ ನಮ್ಮ ನಷ್ಟ ಹಿಂದಿನ ಐದನೇ ಒಂದು ಭಾಗದಷ್ಟಿದೆ. ಒಬ್ಬ ಹೊಸ ವಿದ್ಯಾರ್ಥಿಯೂ ಸೇರದೆ ಇಳಿದದ್ದು ಇದು. ಪ್ರಚಾರದ ಖರ್ಚು ಹಂಚುವ ಸೂತ್ರ ಇನ್ನೂ ಕೈಗೆ ಸಿಕ್ಕಿಲ್ಲ, ಮುಂದಿನ ಬಜೆಟ್ಟಿಗೆ ಅದನ್ನು ಹಿಡಿಯಬೇಕು.