ಕೆರೆ ಬಳಗಗಳು ಕೈಜೋಡಿಸುವುದು ಹೇಗೆ? ರಾಜಕಾಲುವೆ ಹಿಡಿದು ಹೊರಡಿ

ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ಗೋಣಿಚೀಲ ಹಿಡಿದು ಕಸ ಆಯುವ ಕೆರೆ ಬಳಗದವರು ಬೇಕಾದಷ್ಟು ಸಿಗುತ್ತಾರೆ. ಮೇಲಿನ ಕೆರೆಯಲ್ಲಿ ಈ ಕೆಲಸ ಮಾಡುವವರು ಯಾರು ಎಂದು ಕೇಳಿ ನೋಡಿ, ಅನೇಕರಿಗೆ ಗೊತ್ತಿರುವುದಿಲ್ಲ. ನೀರಿಗೆ ಗೊತ್ತು. ಅಗರ ಕೆರೆ ಕೋಡಿ ಹರಿದರೆ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿ ನದಿಗೆ ಹೋಗುತ್ತದೆ. 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಬಿದ್ದಾಗ ದಂಡೆಯಲ್ಲಿ ನಿಂತವರು ಏನು ತಾನೇ ಮಾಡಬಹುದಿತ್ತು? ಕೊಳಚೆ ಬರುತ್ತಿದ್ದದ್ದು ಮೇಲಿನಿಂದ.

ಹಾಗಾಗಿ ಮೊದಲ ಕೆಲಸ ನಡೆಯುವುದು. ನಿಮ್ಮ ಕೆರೆಗೆ ನೀರು ತರುವ ಕಾಲುವೆ, ಅಂದರೆ ರಾಜಕಾಲುವೆ, ಹಿಡಿದು ಮೇಲಕ್ಕೆ ಹೋಗಿ. ಫೋನಿನಲ್ಲಿ ದಿಶಾಂಕ್ ಆ್ಯಪ್ ಇರಲಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ.

ಮೇಲಿನ ಕೆರೆಯವರು ಸಿಕ್ಕಿದರೆ ಕೆಳಗಿನವರನ್ನೂ ಕರೆಯಿರಿ. ಹಾಲ್ ಬೇಡ. ಕಾಲುವೆ ಕೆರೆಗೆ ಸೇರುವ ಜಾಗದಲ್ಲೇ ನಿಂತು ಮಾತಾಡಿ, ಅರ್ಧ ವಿಷಯ ವಾಸನೆಯೇ ಹೇಳುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ಕೆರೆಗೆ ಇಬ್ಬರಂತೆ ಸಾಕು. ಇನ್ನೂರು ಜನ ಸೇರಿದರೆ ಶುಭೋದಯದ ಹೂವುಗಳ ಮಧ್ಯೆ ಕೊಳಚೆಯ ಸುದ್ದಿ ಕಾಣೆಯಾಗುತ್ತದೆ, ಅಲ್ವಾ?

ಇನ್ನು ದೂರು. ಜಾಸ್ತಿ ಜನ ಎಡವುವುದು ಇಲ್ಲೇ. ಒಳಚರಂಡಿ ನೀರು ಜಲಮಂಡಳಿಯ ಪಾಲು, ಸಹಾಯವಾಣಿ 1916. ರಾಜಕಾಲುವೆಯ ಹೂಳು ಪಾಲಿಕೆಯದ್ದು. ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಅದು ಸುಮ್ನೆ ಅಲ್ಲಿಂದಿಲ್ಲಿಗೆ ಅಲೆಯುತ್ತದೆ. ಬೇರೆ ಬೇರೆ ಬರೆದು ಮೂರೂ ಬಳಗದವರು ಸಹಿ ಹಾಕಿ. ದೂರಿನ ಸಂಖ್ಯೆ ಎಲ್ಲರ ಬಳಿಯೂ ಇರಲಿ. ಮಾಲಿನ್ಯ ನಿಯಂತ್ರಣ ಮಂಡಳಿ ಕೆರೆ ನೀರು ಪರೀಕ್ಷಿಸಿ ದರ್ಜೆ ಕೊಡುತ್ತದೆ. ಡಿ ಎಂದರೆ ಮೀನು, ವನ್ಯಜೀವಿಗಳಿಗೆ ಆದೀತು. ಇ ಎಂದರೆ ನೀರಾವರಿಯಂಥ ಬಳಕೆಗಷ್ಟೇ. ಮೂರೂ ಕೆರೆಗಳ ದರ್ಜೆಯನ್ನು ಒಂದೇ ಹಾಳೆಯಲ್ಲಿ ಬರೆದಿಡಿ. ನೀರು ಎಲ್ಲಿ ಕೆಡುತ್ತಿದೆ ಎಂಬ ಸುಳಿವು ಅದರಲ್ಲೇ ಸಿಗಬಹುದು.

ಕೂಟವನ್ನು ನೋಂದಣಿ ಮಾಡಿಸಬೇಕೇ? ಒಂದು ಕೆರೆಯ ಉಸ್ತುವಾರಿ ಹೊರುವುದಾದರೆ ಅದು ಉಪಯೋಗಕ್ಕೆ ಬರುತ್ತದೆ. ಪುಟ್ಟೇನಹಳ್ಳಿ ಕೆರೆಯವರು 2010ರಲ್ಲಿ ಟ್ರಸ್ಟ್ ಕಟ್ಟಿ, ಮರುವರ್ಷ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡರು. ಬಳಗಗಳ ಕೂಟಕ್ಕೆ ಮಾತ್ರ ಬೇಡ ಅಂತ ನನಗನಿಸುತ್ತದೆ. ಅಧ್ಯಕ್ಷರು ಯಾರು, ದುಡ್ಡು ಯಾರ ಖಾತೆಯಲ್ಲಿ ಎಂಬ ಜಗಳಕ್ಕೇ ಭಾನುವಾರಗಳು ಮುಗಿದುಹೋಗುತ್ತವೆ.

ಮೇ ತಿಂಗಳಲ್ಲಿ ಒಮ್ಮೆ ಎಲ್ಲರೂ ಸೇರಿ ಕಾಲುವೆಯುದ್ದಕ್ಕೂ ನಡೆಯಿರಿ, ಹೂಳು, ಕಸ ಕಟ್ಟಿಕೊಂಡ ಕಡೆಯೆಲ್ಲ ಫೋಟೊ ತೆಗೆದಿಡಿ. ಆಮೇಲೆ ಜೋರು ಮಳೆ ಬಂದ ರಾತ್ರಿ ಮೇಲಿನವರು ಕೆಳಗಿನವರಿಗೆ ಒಂದು ಫೋನ್ ಮಾಡಿದರಾಯಿತು: "ನಮ್ಮಲ್ಲಿ ಕೋಡಿ ಬಿತ್ತು, ನೀರು ನಿಮ್ಮ ಕಡೆಗೆ ಬರ್ತಾ ಇದೆ."